ಬಾಬಾಸಾಹೇಬರದಲ್ಲದ ಬಂದೂಕು

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ವಾಡೆಗಳಲ್ಲಿ, ಗೌಡಕಿ-ದೇಸಗತಿ ಮನೆಗಳಲ್ಲಿ ಹಳೇ ಬಂದೂಕು ಇಟ್ಟುಕೊಂಡಿರುವ ಹಿರಿಯರಿಗೂ, ಅವರ ಮಕ್ಕಳು ಮೊಮ್ಮಕ್ಕಳಿಗೂ ಬರೆಯುತ್ತಿದ್ದೇನೆ.

ನಾನು ರೋಣದವನು. ನಲವತ್ತೆರಡು ವರ್ಷ ಲೇತ್ ಮಷಿನ್ನಿನ ಮುಂದೆ ನಿಂತು ಹೊಟ್ಟೆ ಹೊರೆದವನು. ನಿಮ್ಮಲ್ಲಿ ಎಷ್ಟೋ ಜನರ ಪಂಪ್‌ಸೆಟ್ಟಿನ ಶಾಫ್ಟು, ಟ್ರ್ಯಾಕ್ಟರಿನ ಬುಷ್ಷು ನನ್ನ ಕೈಯಿಂದ ಹಾದುಹೋಗಿವೆ. ಅಂಗಡಿ ಈಗ ಮಗನದು. ನನಗೆ ಉಳಿದದ್ದು ಹಿತ್ತಲ ಕೋಣೆ, ಅದರೊಳಗೆ ನಾನು ಕೂಡಿಹಾಕಿದ ಹಳೇ ಸಾಮಾನು: ಒಳಗೆ ಗಂಟೆ ಬಾರಿಸುವ ಬೀಗ, ಸೇರು ಪಾವು ಚಟಾಕಿನ ಮಾಪುಗಳು, ಅಡತಿ ಅಂಗಡಿಯವರು ಬಿಸಾಕಿದ ತಕ್ಕಡಿ, ಮೂವತ್ತೆಂಟು ನಮೂನೆಯ ಅಡಕೊತ್ತು. ಒಂದೇ ಒಂದು ಗೂಟ ಮಾತ್ರ ಖಾಲಿ ಇತ್ತು. ಆ ಗೂಟಕ್ಕೆ ಬರಬೇಕಾದ ಬಂದೂಕು 2024ರ ಫೆಬ್ರುವರಿ ಕೊನೆಯ ವಾರ ನನ್ನ ಮನೆಗೆ ಬಂತು. ಅದನ್ನು ನಾನು ಮೊದಲು ನೋಡಿದ್ದು 1969ರಲ್ಲಿ. ನಡುವೆ ಐವತ್ತೈದು ವರ್ಷ. ಅದರ ಸುದ್ದಿ ಹೇಳಬೇಕು, ಹೇಳುತ್ತಲೇ ನಿಮ್ಮಲ್ಲಿ ಒಂದೆರಡು ಮಾತು ಕೇಳಿಕೊಳ್ಳಬೇಕು. ಅದಕ್ಕೇ ಈ ಪತ್ರ.

ನನಗಾಗ ಹನ್ನೊಂದು ವರ್ಷ. ಅಪ್ಪ ಕಮ್ಮಾರ. ಮಲಪ್ರಭೆಯ ದಂಡೆಯ ಒಂದೂರಿನ ವಾಡೆಗೆ ಚಕ್ಕಡಿ ಗಾಲಿಗೆ ಹಳಿ ಹಾಕಲು ಹೋದಾಗ ತಿದಿ ಊದಲು ನನ್ನನ್ನೂ ಕರೆದೊಯ್ದಿದ್ದ. ಪಡಸಾಲೆಯ ಗೋಡೆಗೆ ಎರಡು ಕಟ್ಟಿಗೆ ಗೂಟ, ಅವುಗಳ ಮೇಲೆ ಅಡ್ಡಲಾಗಿ ಬಂದೂಕು. ಮಹಾನವಮಿಯ ಖಂಡೇಪೂಜೆಯ ಕುಂಕುಮ ಒಣಗಿ ನಳಿಗೆಯ ಮೇಲೆ ಹಾಗೇ ಇತ್ತು. ನಾನು ಬಾಯಿ ತೆರೆದು ನಿಂತದ್ದನ್ನು ನೋಡಿ ದೊಡ್ಡ ಗೌಡರು ನಕ್ಕರು. "ಅದು ನರಗುಂದ ಬಾಬಾಸಾಹೇಬರ ಬಂದೂಕ ತಮ್ಮಾ. ಸುರೇಬಾನದಾಗ ಮ್ಯಾನ್ಸನ್ ಸಾಹೇಬನ್ನ ಉಳ್ಳಿಸಿದ್ದು ಇದರಿಂದನ" ಅಂದರು. ಅವತ್ತು ತಿದಿ ಊದಿದ್ದು ನೆನಪಿಲ್ಲ, ಹಳಿ ಕೂರಿಸಿದ್ದು ನೆನಪಿಲ್ಲ. ಸಂಜೆ ಚಕ್ಕಡಿಯಲ್ಲಿ ಬರುವಾಗ ಅಪ್ಪ ಎಲೆ ಅಡಿಕೆ ಉಗುಳಿ, "ಆ ಕಬ್ಬಣಕ್ಕ ಅಷ್ಟ ವಯಸ್ಸಿಲ್ಲೋ" ಎಂದ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಮುಂದೆ ವಾರಗಟ್ಟಲೆ ಇಳಿಯಲಿಲ್ಲ.

ಬಾಬಾಸಾಹೇಬರ ಕಥೆ ನಿಮಗೆ ನಾನು ಹೇಳುವುದು ಮಲಪ್ರಭೆಗೆ ನೀರು ಹೊತ್ತ ಹಾಗೆ. ಆದರೂ ಹುಡುಗರು ಓದುತ್ತಾರೆಂದು ನಾಲ್ಕು ಸಾಲು. ನರಗುಂದದ ರಾಜ ಬಾಬಾಸಾಹೇಬ ಅಂದರೆ ಭಾಸ್ಕರರಾವ ಭಾವೆಗೆ ಮಕ್ಕಳಿರಲಿಲ್ಲ. ದತ್ತು ತೆಗೆದುಕೊಳ್ಳಲು ಕಂಪನಿ ಸರಕಾರ ಒಪ್ಪಲಿಲ್ಲ. ಮುಂಡರಗಿಯ ಭೀಮರಾಯ ಎದ್ದ ಹೊತ್ತಿಗೆ ನರಗುಂದವೂ ಎದ್ದಿತು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದು, ಅವನ ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಇದಾದ ನಾಲ್ಕೇ ದಿನಕ್ಕೆ ಕರ್ನಲ್ ಮಾಲ್ಕಮ್‌ನ ದಂಡು ಬಂದು ಊರು ಹಿಡಿಯಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನು ಗಲ್ಲಿಗೇರಿಸಿದರು. ಅವರ ಅರಮನೆಯಲ್ಲಿ ಸಾವಿರಗಟ್ಟಲೆ ಸಂಸ್ಕೃತ ಗ್ರಂಥಗಳಿದ್ದವು ಎನ್ನುತ್ತಾರೆ. ಆ ಗ್ರಂಥದ ಒಂದು ಹಾಳೆ ನಮ್ಮಲ್ಲಿದೆ ಎಂದು ಹೇಳಿಕೊಂಡ ಒಂದು ಮನೆಯನ್ನೂ ನಾನು ಇವತ್ತಿನವರೆಗೆ ಕಂಡಿಲ್ಲ. ಬಂದೂಕು ಮಾತ್ರ ಎಲ್ಲರಲ್ಲೂ ಇದೆ.

ಹೌದು, ನಾನು ಎಣಿಸಿದ್ದೇನೆ. ಐವತ್ತು ವರ್ಷದಲ್ಲಿ ನಾನು ಕಣ್ಣಾರೆ ನೋಡಿದ "ಬಾಬಾಸಾಹೇಬರ ಬಂದೂಕು" ಹನ್ನೊಂದು. ಅವುಗಳಲ್ಲಿ ಒಂದು ಜೋಡುನಳಿಗೆಯದು, ತೋಟಾ ಹಾಕುವಂಥದ್ದು. ಅಂಥ ಬಂದೂಕು ಅವರ ಕೈಗೆ ಸಿಕ್ಕಿದ್ದರೆ ಮಾಲ್ಕಮ್ ಸಾಹೇಬ ಅಷ್ಟು ಸಲೀಸಾಗಿ ಊರೊಳಗೆ ಕಾಲಿಡುತ್ತಿರಲಿಲ್ಲ. ಗಜೇಂದ್ರಗಡದ ಕಡೆ ಹೋದರೆ ಬಾಬಾಸಾಹೇಬರು ಹಿಂದೆ ಸರಿದು ಟಿಪ್ಪು ಸುಲ್ತಾನ ಮುಂದೆ ಬರುತ್ತಾನೆ. 1785ರಲ್ಲಿ ಅವನ ದಂಡು ನರಗುಂದದ ಗುಡ್ಡವನ್ನು ಮುತ್ತಿದ್ದು, ಮರುವರ್ಷ ಮರಾಠರು ಗಜೇಂದ್ರಗಡ ಹಿಡಿದದ್ದು, 1787ರಲ್ಲಿ ಅದೇ ಊರಿನ ಹೆಸರಲ್ಲಿ ಒಪ್ಪಂದವಾಗಿ ನರಗುಂದ, ಕಿತ್ತೂರು, ಬಾದಾಮಿ ಮರಾಠರಿಗೆ ಹೋದದ್ದು ಎಲ್ಲಾ ಖರೆ. ಆದರೆ ಒಪ್ಪಂದ ಬರೆಯಲು ಬಂದವರು ನಿಮ್ಮ ಮುತ್ತಜ್ಜನ ಮನೆಯಲ್ಲಿ ಬಂದೂಕು ಮರೆತು ಹೋದರು ಅನ್ನುವುದು ಮಾತ್ರ ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಯಾಕೆ ಇಳಿಯುವುದಿಲ್ಲ ಅಂದರೆ, ನಮ್ಮ ಸೀಮೆಯಲ್ಲಿ ಹತಾರ ಇಟ್ಟುಕೊಳ್ಳುವುದು ಒಂದು ಕಾಲಕ್ಕೆ ಕೊರಳಿಗೆ ಬರುವ ಕೆಲಸವಾಗಿತ್ತು. 1857ರಲ್ಲಿ ಕಂಪನಿ ಸರಕಾರ ಹತಾರ ಕಾಯ್ದೆ ತಂದು, ಇದ್ದಬದ್ದ ಬಂದೂಕು ಕತ್ತಿ ತಂದೊಪ್ಪಿಸಿರಿ ಅಂದಿತು. ಮುಧೋಳದ ಕಡೆಯ ಹಲಗಲಿಯ ಬೇಡರು ಒಲ್ಲೆವೆಂದರು. ನವೆಂಬರ್ ಕೊನೆಗೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ ಹತ್ತೊಂಬತ್ತು ಮಂದಿಯನ್ನು ನೇಣಿಗೆ ಹಾಕಿದರು. ಆ ಲಾವಣಿಯನ್ನು ಹತ್ತನೇ ಇಯತ್ತೆಯ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅದನ್ನು ಕಟ್ಟಿದವನು ಕೊನೆಗೆ ನೆನೆಯುವುದು ಕುರ್ತಕೋಟಿಯ ಕಲ್ಮೇಶನನ್ನು, ಅಂದರೆ ಗದಗದ ಪಕ್ಕದ ಕುರ್ತಕೋಟಿ. ಹಲಗಲಿಯ ಸುದ್ದಿ ನಮ್ಮ ಕಡೆ ಎಷ್ಟು ಬೇಗ ಮುಟ್ಟಿತ್ತು, ಎಷ್ಟು ಆಳಕ್ಕೆ ಇಳಿದಿತ್ತು ಎನ್ನಲು ಅಷ್ಟು ಸಾಕು. ಆರು ತಿಂಗಳ ಹಿಂದೆ ಹಲಗಲಿ, ಈಗ ಕಣ್ಣೆದುರು ನರಗುಂದ. ಅಂಥ ಹೊತ್ತಿನಲ್ಲಿ ಸುರೇಬಾನದ ರಾತ್ರಿಯ ಬಂದೂಕನ್ನು ಪಡಸಾಲೆಯ ಗೂಟಕ್ಕೆ ಹಾಕಿ ಕುಂಕುಮ ಹಚ್ಚುವ ಎದೆ ಯಾರಿಗಿತ್ತು? ಇದ್ದವರು ಬಾವಿಗೆ ಎಸೆದರು, ಇಲ್ಲವೇ ಜೋಳದ ಹಗೇವಿನಲ್ಲಿ ಹುಗಿದರು. ಹಗೇವಿಗೆ ಹೋದ ಕಬ್ಬಿಣ ನಾಲ್ಕು ಮಳೆಗಾಲ ಬಾಳುವುದಿಲ್ಲ. ಎರೆಮಣ್ಣಿನ ಹಸಿ ಎಂಥದ್ದೆಂದು ನೇಗಿಲ ಕುಳ ಮರೆತು ಬಿಟ್ಟುಬಂದವರಿಗೆಲ್ಲ ಗೊತ್ತು.

ಕೊಡಗಿನವರ ಹಣೆಬರಹ ಬೇರೆ. ಅವರಿಗೆ ಬ್ರಿಟಿಷರ ಕಾಲದಿಂದಲೇ ಲೈಸೆನ್ಸಿನಿಂದ ವಿನಾಯಿತಿ. 2019ರಲ್ಲಿ ಕೇಂದ್ರ ಸರಕಾರ ಅದನ್ನು ಮತ್ತೆ ಹತ್ತು ವರ್ಷ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದ ದಿನ ಮನೆಮನೆಯ ಕೋವಿಗೆ ಅವರು ಪೂಜೆ ಮಾಡುತ್ತಾರೆ. ನಮ್ಮ ಕಡೆಯ ಬಂದೂಕು ಮೊದಲು ಸರಕಾರಕ್ಕೆ ಹೋಗಿ, ಆಮೇಲೆ ಕಾಗದದ ಸಮೇತ ಮನೆಗೆ ಬಂದದ್ದು. ಅದಕ್ಕೇ ನಾನು ಹೇಳುವುದು, ನಮ್ಮ ಬಂದೂಕಿನ ಚರಿತ್ರೆ ಬೇಕಾದರೆ ನಳಿಗೆ ನೋಡುವ ಮೊದಲು ಕಾಗದ ನೋಡಬೇಕು.

ಇನ್ನು ನನ್ನ ಬಂದೂಕಿಗೆ ಬರುತ್ತೇನೆ. ದೊಡ್ಡ ಗೌಡರು ಇದ್ದಾಗ ಎರಡು ಸಲ ಕೇಳಿದ್ದೆ. "ಮಾರೂದಲ್ಲಪಾ, ಮನಿ ಮರ್ಯಾದಿ" ಅಂದಿದ್ದರು. ಅವರ ಮಗನನ್ನು ಕೇಳಿದೆ, ಅದೇ ಮಾತು. ಒಂದು ಸಲ ಅವರೇ ಅದನ್ನು ಕೌದಿಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಗೆ ಬಂದು, ಕುದುರೆ ಸಡಿಲಾಗಿದೆ, ಬಿಗಿ ಮಾಡಿಕೊಡು ಅಂದರು. ಬಂದೂಕು ರಿಪೇರಿ ಮಾಡಲೂ ಲೈಸೆನ್ಸು ಬೇಕು, ನನಗಿಲ್ಲ. ಕೈ ಮುಗಿದು ಕಳಿಸಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಅವತ್ತು ಅರ್ಥವಾಯಿತು. ಆ ಕೌದಿಯ ಗಂಟನ್ನು ಬಿಚ್ಚಿಸಿ ನೋಡಲೂ ಧೈರ್ಯವಾಗಲಿಲ್ಲ. 2023ರ ಮಳೆಗಾಲದಲ್ಲಿ ದೊಡ್ಡ ಗೌಡರ ಮೊಮ್ಮಗ ಹುಬ್ಬಳ್ಳಿಯಿಂದ ಫೋನ್ ಮಾಡಿದ. ವಾಡೆ ಪಾಲಾಗುತ್ತಿದೆ, ತೊಲೆ ಜಂತಿ ಎಲ್ಲಾ ಮಾರುತ್ತಿದ್ದೇವೆ, ಬಂದೂಕು ನನ್ನ ಹೆಸರಿನ ಲೈಸೆನ್ಸಿನಲ್ಲಿದೆ, ಅಪಾರ್ಟ್‌ಮೆಂಟಿನಲ್ಲಿ ಇಟ್ಟುಕೊಳ್ಳಲು ಹೆಂಡತಿ ಒಲ್ಲೆ ಅನ್ನುತ್ತಾಳೆ, ನಿಮಗೆ ಬೇಕಾ ಕಾಕಾ ಎಂದ.

ಹೋದೆ. ಟಾರ್ಚು, ಭೂತಗನ್ನಡಿ, ಥ್ರೆಡ್ ಗೇಜು ಜೇಬಲ್ಲಿದ್ದವು. ಪಡಸಾಲೆಯ ಅರ್ಧ ಮಾಳಿಗೆ ಆಗಲೇ ಬಿಚ್ಚಿದ್ದರು. ಬಿಸಿಲು ನೇರ ಬಂದೂಕಿನ ಮೇಲೆ ಬೀಳುತ್ತಿತ್ತು. ಒಂಟಿ ನಳಿಗೆ, ಬಾಯಿಂದ ಮದ್ದು ತುಂಬಿ ಗಜದಿಂದ ಜಡಿಯುವಂಥದ್ದು, ಕೇಪಿನ ಬಂದೂಕು. ಲೈಸೆನ್ಸಿನ ಭಾಷೆಯಲ್ಲಿ ಎಸ್.ಬಿ.ಎಂ.ಎಲ್. ನಳಿಗೆಯ ಕೆಳಗಿನ ಕಟ್ಟಿಗೆ ಒಂದು ಗೇಣು ಮುರಿದು ಹೋಗಿತ್ತು, ಹಾಗಾಗಿ ನಳಿಗೆಯ ಹೊಟ್ಟೆ ಕಾಣುತ್ತಿತ್ತು. ಹಳೇ ಕಾಲದ ನಳಿಗೆಯನ್ನು ಕಬ್ಬಿಣದ ಪಟ್ಟಿ ಕಾಯಿಸಿ, ಸಲಾಕೆಗೆ ಸುತ್ತಿ, ಬಡಿದು ಬೆಸೆಯುತ್ತಿದ್ದರು. ಎಷ್ಟೇ ಅರ ಹೊಡೆದರೂ ಆ ಬೆಸುಗೆಯ ಗೆರೆ ಎಲ್ಲೋ ಒಂದು ಕಡೆ, ಅದರಲ್ಲೂ ಕಣ್ಣಿಗೆ ಬೀಳದ ಹೊಟ್ಟೆಯ ಕಡೆ, ಉಳಿದೇ ಉಳಿಯುತ್ತದೆ. ನಾನು ತುಕ್ಕನ್ನು ಬಟ್ಟೆಯಿಂದ ಒರೆಸಿ ಗಾಜು ಹಿಡಿದು ನೋಡಿದೆ. ಗೆರೆ ಇಲ್ಲ. ಬೆರಳಾಡಿಸಿದೆ. ಇಲ್ಲ. ನನ್ನ ಅಂಗಡಿಯಲ್ಲಿ ಜೀವಮಾನವೆಲ್ಲ ಕೊಯ್ದ ಪೈಪಿನ ಹಾಗೆ ನುಣುಪು. ಬೆಸುಗೆಯಿಲ್ಲದ ಉಕ್ಕಿನ ಕೊಳವೆ ಎಳೆಯುವ ವಿದ್ಯೆಯನ್ನು ಮ್ಯಾನ್ಸ್‌ಮನ್ ಅನ್ನುವ ಜರ್ಮನ್ ಅಣ್ಣತಮ್ಮಂದಿರು ಕಂಡುಹಿಡಿದದ್ದು 1885ರಲ್ಲಿ. ಸುರೇಬಾನದಲ್ಲಿ ಸತ್ತವನು ಮ್ಯಾನ್ಸನ್. ಈ ಬಂದೂಕಿಗೆ ಸಂಬಂಧಪಟ್ಟವನು ಮ್ಯಾನ್ಸ್‌ಮನ್. ಹೆಸರು ಇಷ್ಟು ಹತ್ತಿರ ಬಂದು ಇಪ್ಪತ್ತೇಳು ವರ್ಷ ತಪ್ಪಿಹೋಯಿತು ಎಂದು ಒಬ್ಬನೇ ನಕ್ಕೆ.

ಬಾಲದ ಸ್ಕ್ರೂ ಒಂದು ಅರ್ಧ ಎದ್ದು ನಿಂತಿತ್ತು. ನಾನು ಬಿಚ್ಚಲಿಲ್ಲ, ಅದೇ ಎದ್ದಿತ್ತು. ಗೇಜು ಹಿಡಿದರೆ ವಿಟ್ವರ್ತ್ ಥ್ರೆಡ್, ಕೂದಲೆಳೆ ಸಂದಿಲ್ಲದೆ ಕೂತಿತು. ಮಷಿನ್ನಿನಲ್ಲಿ ಕೊಯ್ದ ಸ್ಕ್ರೂ. "ಆ ಕಬ್ಬಣಕ್ಕ ಅಷ್ಟ ವಯಸ್ಸಿಲ್ಲೋ." ಅಪ್ಪ ಹೋಗಿ ಇಪ್ಪತ್ತಾರು ವರ್ಷವಾಗಿದೆ. ಚಕ್ಕಡಿಯಲ್ಲಿ ಅವನ ಬೆನ್ನಿಗೆ ಬೆನ್ನು ಕೊಟ್ಟು ಸೆಟೆದು ಕೂತಿದ್ದ ಹುಡುಗ ಅವತ್ತು ಆ ಬಿಚ್ಚಿದ ಮಾಳಿಗೆಯ ಕೆಳಗೆ ತಪ್ಪು ಒಪ್ಪಿಕೊಂಡ.

ಇಲ್ಲೊಂದು ಮಾತು ಮುಚ್ಚಿಡುವುದಿಲ್ಲ. 2020ರ ಫೆಬ್ರುವರಿಯಲ್ಲಿ ಕೇಂದ್ರ ಗೃಹ ಇಲಾಖೆ ಶಸ್ತ್ರಾಸ್ತ್ರ ನಿಯಮಕ್ಕೆ ತಿದ್ದುಪಡಿ ತಂದಿದೆ. ಪುರಾತನ ವಸ್ತು ಎಂದು ಎಣಿಸುವ ಸಣ್ಣ ಬಂದೂಕನ್ನು ಇಟ್ಟುಕೊಳ್ಳಲು ಲೈಸೆನ್ಸು ಬೇಕಿಲ್ಲ. ಬಳಸಲು, ಹೊತ್ತು ತಿರುಗಲು, ಸಾಗಿಸಲು ಬೇಕು. ಮನೆಯಲ್ಲಿ ಇರಬಹುದು, ಆದರೆ ಮನೆಗೆ ಬರುವ ದಾರಿಯಲ್ಲಿ ಇರಬಾರದು ಅನ್ನುವ ಹಾಗೆ ನನ್ನಂಥವನಿಗೆ ಅದು ಕೇಳಿಸಿತು. ಇರಲಿ. ಮೊಮ್ಮಗ ಅಂದ: "ಕಾಕಾ, ಬಾಬಾಸಾಹೇಬರದು ಅಂತ ಬರದುಬಿಡ್ರಿ. ಊರಾಗ ಯಾರನ್ನ ಕೇಳಿದ್ರೂ ಹೌದು ಅಂತಾರ. ಲೈಸೆನ್ಸಿನ ತಾಪತ್ರಯನ ಇಲ್ಲ." ಒಂದು ರಾತ್ರಿ ಪೂರ್ತಿ ಆ ಮಾತು ಕಿವಿಯಲ್ಲಿ ಆಡಿತು. ಎರಡು ಲಾಭ: ಕಾಗದದ ಓಡಾಟ ತಪ್ಪುತ್ತದೆ, ನನ್ನ ಗೂಟಕ್ಕೆ ರಾಜನ ಬಂದೂಕು ಬರುತ್ತದೆ. ಬೆಳಿಗ್ಗೆ ಎದ್ದು, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೇ ಬರೆಸಿ ಲೈಸೆನ್ಸಿಗೆ ಅರ್ಜಿ ಹಾಕಿದೆ. ಜೀವಮಾನವೆಲ್ಲ ಸಾವಿರದಲ್ಲೊಂದು ಭಾಗದ ಅಳತೆ ಹಿಡಿದ ಕೈ. ಇನ್ನೊಂದು ಬಾಬಾಸಾಹೇಬರ ಬಂದೂಕಿಗೆ ಸಹಿ ಹಾಕಲು ಅದು ಏಳಲಿಲ್ಲ.

ನಮ್ಮ ಕಾಯ್ದೆ ಬಾಯಿಂದ ಮದ್ದು ತುಂಬುವ ಬಂದೂಕಿನ ಮೇಲೆ ಸ್ವಲ್ಪ ಮಮತೆ ಇಟ್ಟುಕೊಂಡಿದೆ ಎಂದು ಅರ್ಜಿ ಹಾಕುವಾಗ ತಿಳಿಯಿತು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ಕಾಯಲು ಇಂಥ ಬಂದೂಕು ಕೇಳಿದವನಿಗೆ ಲೈಸೆನ್ಸು ಕೊಡತಕ್ಕದ್ದು ಎಂದೇ ಇದೆ. ನನಗೆ ನಾಲ್ಕು ಎಕರೆ ಎರೆಹೊಲವಿದೆ, ಹಂದಿಯ ಕಾಟವೂ ಇದೆ. ಪೊಲೀಸ್ ವಿಚಾರಣೆ, ವೈದ್ಯರ ಸರ್ಟಿಫಿಕೇಟು ಆದ ಮೇಲೆ ತರಬೇತಿ ಪ್ರಮಾಣಪತ್ರ ಬೇಕೆಂದರು. ಜಿಲ್ಲಾ ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿ ಶಿಬಿರಕ್ಕೆ ಹೋದೆ. ಅರವತ್ತಾರರ ಮುದುಕ ಕಾಲೇಜು ಹುಡುಗರ ಸಾಲಿನಲ್ಲಿ ಬೋರಲು ಮಲಗಿ ಒಂದು ಕಣ್ಣು ಮುಚ್ಚಿ ಗುರಿ ಹಿಡಿದದ್ದನ್ನು ಮಗ ಫೋಟೋ ತೆಗೆದಿದ್ದಾನೆ; ಮೊಮ್ಮಕ್ಕಳು ಅದನ್ನು ಇಡೀ ಓಣಿಗೆ ತೋರಿಸಿದರು. ಏಳುವಾಗ ಸೊಂಟ ಹಿಡಿದು, ಎಬ್ಬಿಸಲು ಒಬ್ಬ ಪೇದೆ ಬರಬೇಕಾಯಿತು. ಅದಾದ ಮೇಲೆ ಮಾರುವವನು ಮಾರುತ್ತೇನೆಂದು ಬರೆದುಕೊಟ್ಟು ನಲವತ್ತೈದು ದಿನ ಕಾಯಬೇಕು. ಅದೂ ಆಯಿತು.

ಬಂದೂಕು ಬಂದ ದಿನ ನನ್ನ ಹೆಂಡತಿ ಆರತಿ ಹಿಡಿದು ನಿಲ್ಲಲಿಲ್ಲ. ಅವಳ ತವರು ನರಗುಂದ. 1980ರ ಜುಲೈ 21ರಂದು ಅವಳಿಗೆ ಹದಿನೆಂಟು ವರ್ಷ. ನೀರಿನ ಕರ, ಅಭಿವೃದ್ಧಿ ಕರ ಅಂತ ಮಲಪ್ರಭೆಯ ರೈತರ ಮೇಲೆ ಹೊರೆ ಹೇರಿದ್ದು, ತಹಶೀಲ್ದಾರ ಕಚೇರಿಯ ಮುಂದೆ ಜನ ಸೇರಿದ್ದು, ಗೋಳಿಬಾರ್ ಆದದ್ದು, ರೈತರೂ ಪೊಲೀಸರೂ ಜೀವ ಕಳೆದುಕೊಂಡದ್ದು ನಿಮಗೆಲ್ಲ ಗೊತ್ತು; ಪ್ರತಿವರ್ಷ ಆ ದಿನ ವೀರಗಲ್ಲಿಗೆ ಮಾಲೆ ಹಾಕಲು ಎಲ್ಲೆಲ್ಲಿಂದಲೋ ಬರುತ್ತಾರೆ. ಅವಳು ಆ ಸಪ್ಪಳ ಕೇಳಿದವಳು. "ಪುಸ್ತಕದಾಗಿನ ಬಂದೂಕ ನಿಮಗ ಗೊತ್ತು, ಖರೇ ಬಂದೂಕ ನನಗ ಗೊತ್ತು. ತಂದೀರಿ, ಇರ್ಲಿ. ಪಡಸಾಲ್ಯಾಗ ಬ್ಯಾಡ" ಅಂದಳು. ನಾನು ಮರುಮಾತಾಡಲಿಲ್ಲ. ಬೀಗ ಹಾಕಿ ಇಡಬೇಕೆಂದು ನಿಯಮವೂ ಹೇಳುತ್ತದೆ. ಹೀಗೆ ಐವತ್ತೈದು ವರ್ಷ ಕಾದ ಗೂಟ ಖಾಲಿಯೇ ಉಳಿಯಿತು. ಬಂದೂಕು ಕಬ್ಬಿಣದ ಕಪಾಟಿನಲ್ಲಿ ಕೂತಿತು.

ಅಲ್ಲೂ ಮೂರೇ ವಾರ. ಮಾರ್ಚ್ 16ಕ್ಕೆ ಲೋಕಸಭೆ ಚುನಾವಣೆ ಸಾರಿದರು, ಲೈಸೆನ್ಸುದಾರರು ಆಯುಧ ಠೇವಣಿ ಇಡಬೇಕೆಂದು ಆದೇಶ ಬಂತು. ನಿಮ್ಮಲ್ಲಿ ಕೆಲವರು ನನ್ನ ಜೊತೆ ಠಾಣೆಯ ಸಾಲಿನಲ್ಲಿ ನಿಂತಿದ್ದಿರಿ, ನೆನಪಿರಬಹುದು. ಕೌದಿಯಲ್ಲಿ ಸುತ್ತಿದ್ದು, ಹಳೇ ಧೋತರದಲ್ಲಿ ಸುತ್ತಿದ್ದು, ಒಬ್ಬರದು ಗೊಬ್ಬರದ ಚೀಲದಲ್ಲಿ. ಎಲ್ಲವೂ ಬಾಬಾಸಾಹೇಬರವೇ! ಸಾಲಿನಲ್ಲಿ ನನ್ನ ಹಿಂದಿದ್ದವರು ನನ್ನದು ಯಾರದೆಂದು ಕೇಳಿದರು. "ಹೊಲಾ ಕಾಯೋ ಬಂದೂಕರಿ" ಅಂದೆ. ಪಾಪ, ನನ್ನ ಬಗ್ಗೆ ಅವರಿಗೆ ಮರುಕ ಬಂದ ಹಾಗಿತ್ತು. ಮೇ 7ಕ್ಕೆ ಮತದಾನ, ಜೂನ್ 4ಕ್ಕೆ ಎಣಿಕೆ. ಬಂದೂಕು ಮನೆಗೆ ಮರಳಿದ್ದು ಮುಂಗಾರಿ ಹೆಸರು ಬಿತ್ತಿದ ಮೇಲೆ.

ಹೊಲ ಕಾಯುವ ಬಂದೂಕು ಅಂತ ನನಗೆ ಹೇಗೆ ಗೊತ್ತಾಯಿತು ಅನ್ನುವುದೇ ಈ ಪತ್ರದ ಮುಖ್ಯ ಮಾತು.

ಮೊಮ್ಮಗ ಬಂದೂಕಿನ ಜೊತೆ ಒಂದು ತಗಡಿನ ಡಬ್ಬಿ ಕೊಟ್ಟಿದ್ದ. ಅದರಲ್ಲಿ ಹಳೇ ಲೈಸೆನ್ಸುಗಳು. ಎಲ್ಲಕ್ಕಿಂತ ಕೆಳಗಿನದು 1931ರದು, ಧಾರವಾಡ ಕಲೆಕ್ಟರ್ ಕಚೇರಿಯದು. ನಮ್ಮ ಗದಗ ಬೇರೆ ಜಿಲ್ಲೆಯಾದದ್ದು 1997ರಲ್ಲಿ ತಾನೆ. ದೊಡ್ಡ ಗೌಡರ ತಂದೆಯ ಹೆಸರು, ಒಂದು ಮಜಲ್ ಲೋಡರು, ಉದ್ದೇಶ ಬೆಳೆ ರಕ್ಷಣೆ. ಚಿಗರಿ, ಹಂದಿ ಅಂತ ಯಾರೋ ಕಾರಕೂನ ಮುದ್ದಾದ ಮೋಡಿಯಂಥ ಅಕ್ಷರದಲ್ಲಿ ಬರೆದಿದ್ದಾನೆ. ಇವತ್ತು ಚಿಗರಿಯ ಮೇಲೆ ಬಂದೂಕು ಎತ್ತಿದರೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ, ಬಿಡಲೂಬಾರದು. ಆದರೆ ಬೆಳಗಾಗುವುದರೊಳಗೆ ಕಡಲೆ ಹೊಲ ಬೋಳಾದದ್ದನ್ನು ನೋಡಿದವರಿಗೆ ಆ ಕಾರಕೂನನ ಅಕ್ಷರದ ನೋವು ತಿಳಿಯುತ್ತದೆ. 1948ರ ಕಾಗದದಲ್ಲಿ ಇನ್ನೊಂದು ಹೆಸರು ಕೂಡಿತ್ತು. ಮಾಲೀಕನ ಪರವಾಗಿ ಬಂದೂಕು ಹಿಡಿಯಬಹುದಾದ ಆಳಿನ ಹೆಸರು, ಅಂದರೆ ಹೊಲದ ಕಾವಲುಗಾರನದು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರ ಮನೆತನ ಇದೆ.

ಆ ಹೆಸರು ಓದಿದ ಮೇಲೆ ಬಂದೂಕನ್ನು ಮತ್ತೆ ಕೈಗೆತ್ತಿಕೊಂಡೆ. ಭುಜಕ್ಕೆ ಒತ್ತುವ ಕಟ್ಟಿಗೆಯ ಬುಡದಲ್ಲಿ, ಕೆನ್ನೆ ತಾಗುವ ಜಾಗದಲ್ಲಿ ಸವೆದು ಕನ್ನಡಿಯಾಗುವುದು ಎಲ್ಲಾ ಹಳೇ ಬಂದೂಕಿಗೂ ಇರುವುದೇ. ಬಲಗೈಯವರ ಬಂದೂಕಿನಲ್ಲಿ ಅದು ಎಡಮಗ್ಗುಲಿಗೆ ಇರುತ್ತದೆ. ಇದರಲ್ಲಿ ಎಡಮಗ್ಗುಲು ಕೊಳ್ಳುವಾಗ ಹೇಗಿತ್ತೋ ಹಾಗೇ ಒರಟು. ಸವೆದಿದ್ದು ಬಲಮಗ್ಗುಲು, ನನ್ನ ಅಂಗೈ ಅಗಲ, ಹುಣಸೆಬೀಜದ ಬಣ್ಣಕ್ಕೆ ತಿರುಗಿದ್ದು. ಯಾರೋ ಎಡಚ ವರ್ಷಗಟ್ಟಲೆ ಆ ಜಾಗಕ್ಕೆ ಕೆನ್ನೆ ಕೊಟ್ಟಿದ್ದಾನೆ. ಕುದುರೆ ಬಲಗಡೆಗೆ ಇರುವ ಬಂದೂಕಿನಲ್ಲಿ ಎಡಚ ಗುರಿ ಹಿಡಿದರೆ ಕೇಪಿನ ಕಿಡಿ ಅವನ ಕಣ್ಣ ಹತ್ತಿರವೇ ಸಿಡಿಯುತ್ತದೆ. ಹಾಗೆ ಸಿಡಿಸಿಕೊಂಡೇ ಹೊಲ ಕಾದಿದ್ದಾನೆ. ಮೊಮ್ಮಗನಿಗೆ ಫೋನ್ ಮಾಡಿ, ನಿಮ್ಮ ಮನೆತನದಲ್ಲಿ ಎಡಚರು ಯಾರಿದ್ದರು ಎಂದೆ. ಯಾರೂ ಇಲ್ಲ ಅಂದ.

ಕಾವಲುಗಾರರ ಮಗಳು ಇದ್ದಾಳೆ. ಎಂಬತ್ತು ದಾಟಿದ್ದಾಳೆ, ಗಜೇಂದ್ರಗಡದಲ್ಲಿ ಮೊಮ್ಮಗನ ಮನೆಯಲ್ಲಿ. ಮೊಮ್ಮಗ ಮಗ್ಗದ ಕೆಲಸದವನು. ಅವನೇ ಒಂದು ಭಾನುವಾರ ಬಸ್ಸಿನಲ್ಲಿ ಕರೆತಂದ. ಬಂದೂಕನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲೆ ಕೌದಿ ಹಾಸಿ ಇಟ್ಟೆ. ಆಯಿ ಮುಟ್ಟಲಿಲ್ಲ. ಬಹಳ ಹೊತ್ತು ನೋಡಿದಳು. ಆಮೇಲೆ ಬಾಗಿಲ ಹಿಂದಿದ್ದ ಕಸಬರಿಗೆ ಎತ್ತಿಕೊಂಡು ಎಡಭುಜಕ್ಕೆ ಒತ್ತಿ, ಬಲಗಣ್ಣು ಮುಚ್ಚಿ, "ನಮ್ಮಪ್ಪ ಹಿಂಗ ಹಿಡೀತಿದ್ದ" ಅಂದಳು. ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಬಂದೂಕು ಬಂದ ಮೇಲೆ ಆ ಕೋಣೆಯ ಹತ್ತಿರ ಅವಳು ಸುಳಿದದ್ದು ಅವತ್ತೇ ಮೊದಲು. ಪ್ರಾಣಿಗೆ ಗುರಿ ಇಟ್ಟು ಹೊಡೆದದ್ದು ತನಗೆ ನೆನಪಿಲ್ಲವೆಂದು ಆಯಿ ಹೇಳಿದಳು. ಬರೀ ಮದ್ದು ತುಂಬಿ ಆಕಾಶಕ್ಕೆ ಹಾರಿಸುತ್ತಿದ್ದನಂತೆ. "ಗುಂಡಿಗೆ ರೊಕ್ಕ ಎಲ್ಲೈತಿ? ಸಪ್ಪಳಕ್ಕ ಓಡ್ತಿದ್ದುವು."

ಗೌಡರು ಮಹಾನವಮಿಗೆ ಕುಂಕುಮ ಹಚ್ಚಿದರು, ಅದೂ ಖರೆ. ಸುಗ್ಗಿಯ ಚಳಿಯಲ್ಲಿ ಅಟ್ಟಣಿಗೆಯ ಮೇಲೆ ಎಚ್ಚರ ಕೂತವನ ಕೆನ್ನೆಯ ಬೆವರು ಆ ಕಟ್ಟಿಗೆಯೊಳಗೆ ಇಳಿದಿದೆ, ಅದೂ ಖರೆ. ಎರಡನ್ನೂ ಬಾಬಾಸಾಹೇಬರ ಹೆಸರು ಅಳಿಸಿಹಾಕಿತ್ತು. ಹಿರಿಯರೇ, ನಿಮ್ಮ ಬಂದೂಕಿನ ಬುಡ ಒಮ್ಮೆ ತಿರುಗಿಸಿ ನೋಡಿರಿ. ಸವೆದದ್ದು ಯಾವ ಮಗ್ಗುಲು, ಯಾರ ಕೈ? ತಗಡಿನ ಡಬ್ಬಿಯ ಹಳೇ ಲೈಸೆನ್ಸು ಒಲೆಗೆ ಹಾಕಬೇಡಿರಿ. ಬಂದೂಕಿಗಿಂತ ಅದು ಹೆಚ್ಚು ಮಾತಾಡುತ್ತದೆ. ಮನೆಯಲ್ಲಿ ಕಾಗದವಿಲ್ಲದ ಬಂದೂಕೇ ಇದ್ದರೆ, ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು, ಬಾವಿಗೆ ಎಸೆಯುವ ಮೊದಲು, ಒಬ್ಬ ವಕೀಲರನ್ನು ಕಂಡು ಡಿಸಿ ಕಚೇರಿಗೆ ತಿಳಿಸಿರಿ. ದಯವಿಟ್ಟು ಜಾತ್ರೆಗೆ, ಮದುವೆಗೆ ಅಂತ ಹಳೇ ನಳಿಗೆಗೆ ಮದ್ದು ತುಂಬಬೇಡಿರಿ. ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಲಕ್ಷದವರೆಗೆ ದಂಡ. ಅದಿರಲಿ, ಕಬ್ಬಿಣ ಬಲ್ಲವನಾಗಿ ಹೇಳುತ್ತೇನೆ: ಒಳಗೆ ತುಕ್ಕು ತಿಂದ ನಳಿಗೆ ಹೊರಗಿನಿಂದ ನೋಡಲು ಗಟ್ಟಿಯೇ ಇರುತ್ತದೆ, ಸಿಡಿಯುವುದು ಕೆನ್ನೆ ಕೊಟ್ಟವನ ಕಡೆಗೆ.

ಹೊರಡುವಾಗ ಆಯಿ ಹೊಸ್ತಿಲಲ್ಲಿ ನಿಂತು ಹಿಂದಿರುಗಿ ಕೇಳಿದಳು: "ಕೇಪಿನ ಚೀಲ ಎಲ್ಲೈತಿ?" ನನಗೆ ಕೊಟ್ಟ ಸಾಮಾನಿನಲ್ಲಿ ಅಂಥದ್ದು ಇರಲಿಲ್ಲ. ಗುಳೇದಗುಡ್ಡದ ಖಣದ ತುಂಡು, ಅವಳವ್ವನ ಹಳೇ ಕುಪ್ಪಸದ್ದು, ಕೆಂಪು ಅಂಚು. ಹತ್ತು ವರ್ಷದವಳಿದ್ದಾಗ ಆ ಚೀಲವನ್ನು ಅವಳೇ ಹೊಲಿದುಕೊಟ್ಟಿದ್ದಳಂತೆ. ಮಳೆಯಲ್ಲಿ ಕೇಪು ನೆನೆಯಬಾರದೆಂದು ಒಳಗೆ ಮೇಣಗಪಡದ ಅಸ್ತರಿ. ಬಾಯಿಗೆ ದಾರ, ದಾರದ ತುದಿಗೆ ಒಂದು ತೂತಿನ ದುಡ್ಡು. ವಾಡೆಯ ಸಾಮಾನು ಪಾಲಾದಾಗ ಅದು ಯಾರ ಗಂಟಿನಲ್ಲಿ ಹೋಯಿತೋ. ಆ ಕಡೆಯಿಂದ ತೊಲೆ, ಪೆಟ್ಟಿಗೆ, ಹಿತ್ತಾಳೆ ಪಾತ್ರೆ ಕೊಂಡವರು ನರಗುಂದದಲ್ಲಿದ್ದೀರಿ, ಗಜೇಂದ್ರಗಡದಲ್ಲೂ ಇದ್ದೀರಿ. ಒಂದು ಸಲ ಪೆಟ್ಟಿಗೆಯ ತಳ ಕೊಡವಿ ನೋಡಿರಿ. ಸಿಕ್ಕರೆ ರೋಣದಲ್ಲಿ ಯಾವ ಲೇತ್ ಅಂಗಡಿಯಲ್ಲಿ ಕೇಳಿದರೂ ನನ್ನ ಮನೆ ತೋರಿಸುತ್ತಾರೆ. ಆ ಖಾಲಿ ಗೂಟಕ್ಕೆ ಅದನ್ನು ಹಾಕುತ್ತೇನೆ. ಪಡಸಾಲೆಯಲ್ಲೇ ಹಾಕಿರಿ ಎಂದು ನನ್ನ ಹೆಂಡತಿ ಹೇಳಿದ್ದಾಳೆ.